ಕೊಡಲಿಗೊಂದು ಪರವಾನಗಿ

ಸೌದೆ ಉರಿಸಿ ಅಡುಗೆ ಮಾಡುವ ಅಮೆರಿಕದ ಸ್ಕೌಟ್ ಶಿಬಿರಗಳಲ್ಲಿ, ಡೇರೆಗಳಿಂದ ತುಸು ದೂರಕ್ಕೆ, ಸುತ್ತ ಹಗ್ಗ ಬಿಗಿದ ಜಾಗವೊಂದಿರುತ್ತದೆ. ಅದನ್ನು ‘ಆಕ್ಸ್ ಯಾರ್ಡ್’ ಎನ್ನುತ್ತಾರೆ. ಸೌದೆ ಕೊಯ್ಯುವುದು, ಸೀಳುವುದು ಎಲ್ಲ ಅದರೊಳಗೇ. ಕೆಲಸವಿಲ್ಲದವರು ಹಗ್ಗ ದಾಟುವಂತಿಲ್ಲ. ಕೊಡಲಿ ಹಿಡಿಯುವ ಹುಡುಗ ಹುಡುಗಿಯರ ಹತ್ತಿರ ಒಂದು ಪುಟ್ಟ ಕಾರ್ಡ್ ಇರಬೇಕು. ಅದೇ ‘ಟೋಟಿನ್ ಚಿಪ್’. ಚಾಕು, ಗರಗಸ, ಕೊಡಲಿ ಮೂರನ್ನೂ ಬಳಸಲು ಸ್ಕೌಟ್ ಸಂಸ್ಥೆ ಮಕ್ಕಳಿಗೆ ಕೊಡುವ ಪರವಾನಗಿ ಅದು.

1910ರಲ್ಲಿ ‘ಬಾಯ್ ಸ್ಕೌಟ್ಸ್ ಆಫ್ ಅಮೆರಿಕ’ ಎಂದು ಹುಟ್ಟಿದ ಈ ಸಂಸ್ಥೆ 2019ರಲ್ಲಿ ಹೆಣ್ಣುಮಕ್ಕಳಿಗೂ ಸ್ಕೌಟ್ ದಳಗಳನ್ನು ತೆರೆಯಿತು. 2025ರಲ್ಲಿ ‘ಸ್ಕೌಟಿಂಗ್ ಅಮೆರಿಕ’ ಎಂದು ಹೆಸರು ಬದಲಿಸಿಕೊಂಡಿತು. ಹನ್ನೊಂದು ವರ್ಷದ ಆಸುಪಾಸಿನಲ್ಲಿ ದಳ ಸೇರುವ ಮಕ್ಕಳು ಮೊದಮೊದಲು ಕಲಿಯುವ ವಿದ್ಯೆಗಳಲ್ಲಿ ಈ ಉಪಕರಣಗಳ ಬಳಕೆಯೂ ಒಂದು. ಅವರಿಗಿಂತ ಚಿಕ್ಕವರಾದ ಕಬ್ ಸ್ಕೌಟ್‌ಗಳಿಗೆ ಚಾಕುವಿಗಷ್ಟೇ ಸೀಮಿತವಾದ ‘ವಿಟ್ಲಿಂಗ್ ಚಿಪ್’ ಇದೆ.

ಪಾಠ ಶುರುವಾಗುವುದು ಮಡಚುವ ಚಾಕುವಿನಿಂದ. ಅಲಗು ಮಡಚಿದ ಚಾಕುವನ್ನು ಹಿಡಿದು, ತೋಳು ನೀಳವಾಗಿ ಚಾಚಿ, ಹುಡುಗ ಸುತ್ತ ಒಮ್ಮೆ ತಿರುಗುತ್ತಾನೆ. ಆ ವೃತ್ತದೊಳಗೆ ಯಾರೂ ಇಲ್ಲವೆಂದು ಖಚಿತವಾದ ಮೇಲೆಯೇ ಅಲಗು ತೆರೆಯಬೇಕು. ಕೆಲಸದ ನಡುವೆ ಯಾರಾದರೂ ಹತ್ತಿರ ಬಂದರೆ ಕೈ ನಿಲ್ಲಬೇಕು. ಕೊಯ್ತ ಯಾವಾಗಲೂ ಮೈಯಿಂದ ಆಚೆಗೆ. ನಡೆಯುವಾಗ ಅಲಗು ಮಡಚಿರಬೇಕು. ಇನ್ನೊಬ್ಬರಿಗೆ ಚಾಕು ಕೊಡುವಾಗ ಹಿಡಿ ಅವರ ಕಡೆಗಿರಬೇಕು. ಪಡೆಯುವವರು ಭದ್ರವಾಗಿ ಹಿಡಿದು ‘ಥ್ಯಾಂಕ್ ಯೂ’ ಎಂದ ಮೇಲಷ್ಟೇ ಕೊಡುವವರು ಕೈ ಬಿಡಬೇಕು. ಇಲ್ಲಿ ಆ ಮಾತು ಬರೀ ಉಪಚಾರವಲ್ಲ. ಅಲಗಿನ ಹೊಣೆ ಒಂದು ಕೈಯಿಂದ ಇನ್ನೊಂದಕ್ಕೆ ದಾಟಿತು ಎಂಬುದಕ್ಕೆ ಅದೇ ಗುರುತು.

ಕೊಡಲಿಯ ಪಾಠ ಇನ್ನೂ ಬಿಗಿ. ಬೆರಳು ಮುಚ್ಚುವ ಗಟ್ಟಿ ಬೂಟು ಕಡ್ಡಾಯ. ಕೊಡಲಿ ಎತ್ತುವ ಮೊದಲು ತಲೆ ಸಡಿಲವಾಗಿದೆಯೇ, ಕಾವು ಬಿರುಕು ಬಿಟ್ಟಿದೆಯೇ ಎಂದು ನೋಡಬೇಕು. ಸುತ್ತಮುತ್ತ ನೋಡಿದರೆ ಸಾಲದು, ತಲೆಯ ಮೇಲೂ ನೋಡಬೇಕು. ಬೀಸಿದ ಕೊಡಲಿ ತೂಗಾಡುವ ಕೊಂಬೆಗೆ ತಗುಲಿದರೆ ಗುರಿ ತಪ್ಪಿ ಕಾಲಿನ ಮೇಲೇ ಇಳಿದೀತು. ಕೈಗೊಡಲಿಯಿಂದ ಸಣ್ಣ ಸೌದೆ ಸೀಳುವವರಿಗೆ ಬೀಸದೆಯೇ ಸೀಳುವ ವಿಧಾನ ಹೇಳಿಕೊಡುತ್ತಾರೆ. ಕೊಡಲಿಯ ಬಾಯನ್ನು ಸೌದೆಗೆ ತಾಗಿಸಿ, ಎರಡನ್ನೂ ಒಟ್ಟಿಗೇ ಎತ್ತಿ, ಕೆಳಗಿನ ದಿಮ್ಮಿಗೆ ಕುಟ್ಟುವುದು. ಬಾಯಿ ಮೊದಲೇ ಸೌದೆಗೆ ಕೂತಿರುವುದರಿಂದ ಏಟು ಜಾರುವ ಭಯ ಕಡಿಮೆ.

ಹರಿತ ಮಾಡುವುದೂ ಈ ಪಾಠದಲ್ಲೇ ಸೇರಿದೆ. ಚಾಕುವನ್ನು ಸಾಣೆಕಲ್ಲಿಗೆ ಮಸೆಯಬೇಕು, ಕೊಡಲಿಗೆ ಅರ ಹಾಕಬೇಕು. ಮೊಂಡು ಅಲಗು ಮರಕ್ಕೆ ಕಚ್ಚದು. ಅದಕ್ಕೆ ಬಲ ಹಾಕಿ ಒತ್ತುವಾಗಲೇ ಕೈ ಜಾರುತ್ತದೆ. ಹರಿತವಾದ ಉಪಕರಣವೇ ಹೆಚ್ಚು ಸುರಕ್ಷಿತ ಎಂದರೆ ಮಕ್ಕಳಿಗೆ ಮೊದಲು ಅಚ್ಚರಿ. ಮೊಂಡು, ಹರಿತ ಎರಡೂ ಚಾಕುಗಳಲ್ಲಿ ಒಂದೇ ಕಡ್ಡಿ ಕೊಯ್ದು ನೋಡಿದರೆ ಅದು ತಾನಾಗಿಯೇ ಅರಿವಾಗುತ್ತದೆ. ಕೆಲಸ ಮುಗಿದ ಕೊಡಲಿಗೆ ಕವಚ ಹಾಕಬೇಕು. ಗರಗಸದ ಹಲ್ಲಿಗೆ ಉದ್ದಕ್ಕೆ ಸೀಳಿದ ಹಳೆಯ ನೀರಿನ ಪೈಪೇ ಸಾಕು.

ಕಾರ್ಡ್ ಪಡೆಯುವ ಹೊತ್ತಿಗೆ ಸ್ಕೌಟ್ ಮಾತು ಕೊಡುತ್ತಾನೆ: ಇವು ಆಟಿಕೆಗಳಲ್ಲ, ಇತರರ ಸುರಕ್ಷತೆ ನನ್ನ ಹೊಣೆ, ಹಸಿ ಮರವಿರಲಿ, ಒಣಮರವಿರಲಿ, ಅನುಮತಿಯೂ ತಕ್ಕ ಕಾರಣವೂ ಇಲ್ಲದೆ ಕಡಿಯುವುದಿಲ್ಲ. ಸುರಕ್ಷತೆಯ ಜೊತೆಗೇ ಕಾಡಿನ ಮೇಲಣ ಗೌರವವನ್ನೂ ಹೆಣೆದಿರುವುದು ಈ ಪಾಠದ ದೊಡ್ಡತನ. ಮಾತಿಗೆ ತಪ್ಪಿದರೆ ಹಕ್ಕು ಹೋಗಬಹುದು. ಪ್ರತಿ ತಪ್ಪಿಗೂ ಕಾರ್ಡಿನ ಒಂದೊಂದು ಮೂಲೆ ಕತ್ತರಿಸಿ, ನಾಲ್ಕೂ ಹೋದ ಮೇಲೆ ಕಾರ್ಡನ್ನೇ ವಾಪಸು ಪಡೆಯುವ ರೂಢಿ ಹಲವು ದಳಗಳಲ್ಲಿದೆ. ಮುಂದೆ ಸಾಗುವವರಿಗೆ ಜನಪದ ಕಥೆಗಳ ದೈತ್ಯ ಮರಕಡಿಯುವವನ ಹೆಸರಿನ ‘ಪಾಲ್ ಬನಿಯನ್ ವುಡ್ಸ್‌ಮನ್’ ಗೌರವವಿದೆ. ಇತರ ಸ್ಕೌಟ್‌ಗಳು ಟೋಟಿನ್ ಚಿಪ್ ಪಡೆಯಲು ನೆರವಾಗಬೇಕೆಂಬುದು ಅದರ ಷರತ್ತುಗಳಲ್ಲೊಂದು. ಕಲಿತವರೇ ಕಲಿಸುವವರಾದಾಗ ನಿಯಮಗಳು ಮೈಗೂಡುತ್ತವೆ.

ನಮ್ಮ ಮಲೆನಾಡಿನ ತೋಟಗಳಲ್ಲಿ ಕತ್ತಿ ಹಿಡಿಯುವುದನ್ನು ಮಕ್ಕಳು ಅಪ್ಪ, ಅಜ್ಜಂದಿರ ಪಕ್ಕ ನಿಂತೇ ಕಲಿತವರು. ಹಾಗೆ ಪಕ್ಕ ನಿಂತು ಕಲಿಯುವುದು ಈಗ ಅಪರೂಪವಾಗುತ್ತಿದೆ. ಪೇಟೆಯ ಮಕ್ಕಳಿಗಂತೂ ‘ಮುಟ್ಟಬೇಡ’ ಎಂಬುದೊಂದೇ ಪಾಠ. ಮುಟ್ಟದವರಿಗೆ ಅಲಗಿನ ಅಂಕೆ ತಿಳಿಯುವುದಾದರೂ ಹೇಗೆ? ಮುಂದೊಂದು ದಿನ ಅವರು ಅದನ್ನು ಹಿಡಿದೇ ಹಿಡಿಯುತ್ತಾರೆ, ಆಗ ಹೇಳಿಕೊಡಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ದಾವಣಗೆರೆ ಬಳಿಯ ಕೊಂಡಜ್ಜಿಯಂಥ ಸ್ಕೌಟ್ ಶಿಬಿರತಾಣ ನಮ್ಮಲ್ಲೂ ಇದೆ, ರಜೆಯ ಶಿಬಿರಗಳಿವೆ, ಮನೆಯಲ್ಲಿ ಅಡುಗೆಕೋಣೆಯಿದೆ. ಹಿರಿಯರು ಪಕ್ಕದಲ್ಲಿ ಕೂತು, ನಿಯಮ ಹೇಳಿ, ಚಾಕು ಕೊಟ್ಟು ನಂಬಬೇಕು. ನಿಯಮ ಮುರಿದರೆ ವಾಪಸು ಪಡೆಯಬೇಕು. ನಂಬಿಕೆಯನ್ನು ಉಳಿಸಿಕೊಳ್ಳಬೇಕಾದ ಮಗು ಜಾಗ್ರತೆಯನ್ನು ತಾನೇ ಕಲಿಯುತ್ತದೆ.