ಮೋಟ್ರು ಎತ್ತುವವರ ಗಾಡಿ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕಡೆ ಬೇಸಿಗೆ ಕಾಲಿಟ್ಟಿತೆಂದರೆ ಬೋರ್ ಮೆಕ್ಯಾನಿಕ್ಕಿನ ಫೋನಿಗೆ ಬಿಡುವಿಲ್ಲ. ವೋಲ್ಟೇಜ್ ಬಿದ್ದು ಕಾಯಿಲ್ ಸುಟ್ಟಿರುತ್ತದೆ, ಇಲ್ಲವೇ ನೀರು ಕೆಳಗಿಳಿದು ಮೋಟರು ಒಣಗಿ ಓಡಿರುತ್ತದೆ. ಟೊಮೆಟೊ ಹೂ ಕಟ್ಟಿರುವಾಗ ನೀರು ತಪ್ಪಿದರೆ ಬೆಳೆಗಾರನ ಲೆಕ್ಕವೆಲ್ಲ ಬುಡಮೇಲು. ಆಗ ಬದುವಿನ ದಾರಿಯಲ್ಲಿ ಏಳುತ್ತಾ ಬೀಳುತ್ತಾ ಒಂದು ಪಿಕಪ್ ಬರುತ್ತದೆ. ಮೇಲೆ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು, ಹಿಂದೆ ಭಾರ ಎತ್ತುವ ಚೈನ್ ಬ್ಲಾಕು, ಪಕ್ಕಕ್ಕೊಂದು ತಗಡಿನ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಇಬ್ಬರು ಮೂವರು ಹುಡುಗರು.

ಊರವರ ಬಾಯಲ್ಲಿ ಇವರು ‘ಮೋಟ್ರು ಎತ್ತೋರು’. ಸುಟ್ಟ ಮೋಟರಿಗೆ ವೈಂಡಿಂಗ್ ಮಾಡುವ ಅಂಗಡಿ ಪೇಟೆಯಲ್ಲಿರುತ್ತದೆ. ಅದನ್ನು ಭೂಮಿಯೊಳಗಿಂದ ಮೇಲಕ್ಕೆ ತಂದು, ರಿಪೇರಿಯಾದ ಮೇಲೆ ಮತ್ತೆ ಇಳಿಸುವುದು ಇವರ ಕಸುಬು. ಇವರಿಗೆ ಗಾಡಿಯೇ ಅಂಗಡಿ. ಇವರ ಕೆಲಸ ಎಂಥದ್ದೆಂದು ತಿಳಿಯಲು ಮೋಟರು ಮೇಲೆ ಬರುವವರೆಗೆ ಕಾಯಬೇಕಿಲ್ಲ, ಗಾಡಿಯ ಹಿಂದಿನ ಡೋರು ಇಳಿಸಿದಾಗ ಒಮ್ಮೆ ಒಳಗೆ ಇಣುಕಿದರೆ ಸಾಕು.

ಭಾರದ ಲೆಕ್ಕ ನೋಡಿ. ಎರಡು ಇಂಚಿನ ಜಿಐ ಪೈಪು 20 ಅಡಿಯದು ಒಂದಕ್ಕೆ ಸುಮಾರು 30 ಕೆಜಿ ತೂಗುತ್ತದೆ. ಸಾವಿರ ಅಡಿಗೆ ಮೋಟರು ಬಿಟ್ಟಿದ್ದರೆ ಅಂಥವು 50. ಅಲ್ಲಿಗೆ ಒಂದೂವರೆ ಟನ್. ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ವಾಲ್ವ್ ಸರಿಯಾಗಿದ್ದರೆ ಪೈಪಿನೊಳಗೆ ನಿಂತ ನೀರಿನದೇ ಆರುನೂರು ಕೆಜಿಗೆ ಮೇಲಾಗುತ್ತದೆ. ಪಂಪು, ಮೋಟರು, ಕೇಬಲ್ಲಿನ ತೂಕ ಬೇರೆ. ಒಂದು ಪೈಪು ಮೇಲೆ ಬಂದಾಗ ಅದರ ಕೆಳಗಿನ ಅಷ್ಟೂ ಭಾರವನ್ನು ಬೋರಿನ ಬಾಯಲ್ಲಿ ಹಿಡಿದು ನಿಲ್ಲಿಸುವುದು ಒಂದು ಕ್ಲ್ಯಾಂಪು, ಅದರ ಎರಡು ಬೋಲ್ಟು. ಬಿಚ್ಚಿದ ಪೈಪನ್ನು ಪಕ್ಕಕ್ಕಿಟ್ಟು, ಇನ್ನೊಂದು ಕ್ಲ್ಯಾಂಪು ಬಿಗಿದು ಮತ್ತೆ ಎಳೆಯಬೇಕು. ಹೀಗೆ ಐವತ್ತು ಸಲ.

ಆದ್ದರಿಂದ ಅನುಭವಸ್ಥರು ಮೊದಲು ಕಾಳಜಿ ವಹಿಸುವುದು ಕ್ಲ್ಯಾಂಪಿನ ಬಗ್ಗೆ. ಒಳಮೈಯ ಹಲ್ಲುಗಳಲ್ಲಿ ಮಣ್ಣು, ಗ್ರೀಸು, ಹಳೇ ಬಣ್ಣ ಕಚ್ಚಿಕೊಂಡಿದ್ದರೆ ಪೈಪು ಜಾರುತ್ತದೆ. ಕೆಲಸ ಮುಗಿದ ಕೂಡಲೇ ವೈರ್ ಬ್ರಷ್ಷಿನಿಂದ ಉಜ್ಜಿ, ಹಲ್ಲುಗಳನ್ನು ಒಣಗಿಸಿ ಇಡುತ್ತಾರೆ. ಎಣ್ಣೆ ಕಾಣುವುದು ಬೋಲ್ಟಿನ ಮರೆ (ಥ್ರೆಡ್) ಮಾತ್ರ, ಹಿಡಿಯುವ ಹಲ್ಲಿಗೆ ಎಣ್ಣೆಯ ಸೋಂಕೂ ಕೂಡದು. ಮರೆ ಸವೆದು ನಟ್ಟು ಸಲೀಸಾಗಿ ತಿರುಗತೊಡಗಿದರೆ ಆ ಬೋಲ್ಟನ್ನು ಅಲ್ಲೇ ಗುಜರಿಗೆ ಎಸೆಯಬೇಕು. ‘ಇದೊಂದು ಕೆಲಸ ಆಗಲಿ’ ಎಂದು ಮುಂದೂಡುವ ತಂಡಗಳೂ ಇವೆ. ಆದರೆ ಹಿಡಿತ ತಪ್ಪಿ, ಪೈಪುಗಳ ಸಾಲು ಅಂದರೆ ಕಾಲಂ ಪೂರಾ ಬೋರಿನೊಳಗೆ ಕೂತುಬಿಟ್ಟರೆ ಅದನ್ನು ಹಿಡಿದೆಳೆಯುವುದು ಬೇರೆಯದೇ ಪಾಡು, ಎಷ್ಟೋ ಸಲ ಬೋರೇ ಕೈಬಿಡುತ್ತದೆ.

ಇನ್ನೊಂದು ಭಯ ಕೈಜಾರಿನದು. ಆರೂವರೆ ಇಂಚಿನ ಬೋರಿನಲ್ಲಿ ಪಂಪು ಕೂತಾಗ ಸುತ್ತ ಉಳಿಯುವ ಸಂದಿ ತೀರಾ ಸಣ್ಣದು. ಮೇಲಿಂದ ಒಂದು ಸ್ಪ್ಯಾನರ್ ಬಿದ್ದು ಆ ಸಂದಿಯಲ್ಲಿ ಸಿಕ್ಕಿಕೊಂಡರೆ ಅದೇ ಬೆಣೆಯಾಗುತ್ತದೆ, ಎಳೆದಷ್ಟೂ ಬಿಗಿಯುತ್ತದೆ. ಅದಕ್ಕೇ ಬೋರಿನ ಬಾಯಿಗೆ ಬಟ್ಟೆಯನ್ನೋ ಗೋಣಿತಾಟನ್ನೋ ಸುತ್ತಿಕೊಂಡೇ ಕೈಹಾಕುವುದು. ಸಣ್ಣ ಪಾನಾಗಳ ಹಿಡಿಗೆ ದಾರ ಕಟ್ಟಿ ಮಣಿಕಟ್ಟಿಗೆ ಸಿಕ್ಕಿಸಿಕೊಳ್ಳುವ ಮೇಸ್ತ್ರಿಗಳೂ ಇದ್ದಾರೆ. ಬಾಯಿ ಮುಚ್ಚುವ ಮೊದಲು ಸಾಮಾನು ಎಣಿಸುತ್ತಾರೆ. ಇಲ್ಲಿ ಸ್ಪ್ಯಾನರಿಗೆ ನಂಬರೇ ಹೆಸರು. ‘ಹದಿನಾರು-ಹದಿನೇಳು ಬಂತೇನೋ?’ ಎಂದರೆ ‘ಬಂತಣ್ಣ.’ ‘ಹದಿನೆಂಟು-ಹತ್ತೊಂಬತ್ತು?’ ಉತ್ತರ ಬಾರದಿದ್ದರೆ ಎಲ್ಲರೂ ಕೆಲಸ ನಿಲ್ಲಿಸಿ ಹುಲ್ಲು ತಡಕುತ್ತಾರೆ.

ಎಣಿಕೆ ಸುಲಭವಾಗಬೇಕಾದರೆ ಪ್ರತಿ ಸಾಮಾನಿಗೂ ಒಂದು ಜಾಗವಿರಬೇಕು. ಜಾಣರ ಪೆಟ್ಟಿಗೆಯಲ್ಲಿ ಸ್ಪ್ಯಾನರುಗಳು ಒಂದರ ಮೇಲೊಂದು ಬಿದ್ದಿರುವುದಿಲ್ಲ. ಹಳೇ ರೆಗ್ಜಿನ್ ಸೀಟಿನ ಬಟ್ಟೆಗೆ ಸಾಲಾಗಿ ಜೇಬು ಹೊಲಿಸಿ, ಒಂದೊಂದು ಜೇಬಿಗೆ ಒಂದೊಂದು ಸೇರಿಸಿ, ಸುರುಳಿ ಸುತ್ತಿ ಕಟ್ಟಿರುತ್ತಾರೆ. ಬಿಚ್ಚಿ ಹಾಸಿದರೆ ಖಾಲಿ ಜೇಬು ತಾನೇ ಕಣ್ಣಿಗೆ ಹೊಡೆಯುತ್ತದೆ. ತ್ರೀಫೇಸ್ ಕರೆಂಟು ರಾತ್ರಿ ಬರುವ ಊರುಗಳಲ್ಲಿ ಮೋಟರು ಬಿಟ್ಟು ನೋಡುವುದೂ ರಾತ್ರಿಯೇ, ಹಾಗಾಗಿ ಕೈಗೇ ಜಾಗ ಗೊತ್ತಿರಬೇಕು. ಗಾಡಿ ತುಂಬುವುದಕ್ಕೂ ಕ್ರಮವಿದೆ. ಹೊಲದಲ್ಲಿ ಮೊದಲು ಬೇಕಾಗುವ ಸ್ಟ್ಯಾಂಡು, ಕ್ಲ್ಯಾಂಪುಗಳನ್ನು ಕಡೆಗೆ ಹೇರಿ ಡೋರಿನ ಹತ್ತಿರ ಇಡುತ್ತಾರೆ. 36 ಇಂಚಿನ ಪೈಪ್ ಪಾನಾ ಎಂಟೊಂಬತ್ತು ಕೆಜಿಯ ಆಳು. ಬ್ರೇಕ್ ಹಾಕಿದಾಗ ಅದು ಹಾರಿ ಬಂದರೆ ಕ್ಯಾಬಿನ್ನಿನ ಹಿಂದಿನ ಗಾಜು ಉಳಿಯದು. ಅದನ್ನು ನೆಲಕ್ಕೆ ಮಲಗಿಸಿ, ಟ್ಯೂಬಿನ ಪಟ್ಟಿಯಿಂದ ಬಿಗಿಯುತ್ತಾರೆ.

ಈ ಪೈಪ್ ಪಾನಾ ಅಮೆರಿಕದ ಡೇನಿಯಲ್ ಸ್ಟಿಲ್ಸನ್ 1869ರಲ್ಲಿ ಪೇಟೆಂಟ್ ಪಡೆದದ್ದು. ಅಲ್ಲಿಂದೀಚೆಗೆ ಅದರ ರೂಪ ಹೆಚ್ಚೇನೂ ಬದಲಾಗಿಲ್ಲ. ತಿರುಗಿಸಿದಷ್ಟೂ ದವಡೆ ತಾನಾಗಿ ಬಿಗಿಯುವುದು ಅದರ ಗುಟ್ಟು. ಆದರೆ ಪೈಪು ದವಡೆಯ ಒಳಮೂಲೆಗೆ ತಾಗುವಂತೆ ತುರುಕಿದರೆ ಆ ಬಿಗಿತ ಹುಟ್ಟುವುದಿಲ್ಲ, ಸ್ವಲ್ಪ ಸಂದಿ ಬಿಟ್ಟು ಹಿಡಿಯಬೇಕು. ಹಿಡಿಗೆ ಉದ್ದದ ಪೈಪು ತೊಡಿಸಿ ಮೂವರು ಜೋತುಬೀಳುವ ಚಾಳಿ ಎಲ್ಲ ಕಡೆ ಇದೆ, ಪಾನಾದ ಹಿಡಿ ಬಾಗುವುದು ಹಾಗೇ. ಯುಪಿವಿಸಿ ಕಾಲಂ ಪೈಪುಗಳಿಗಂತೂ ಈ ಹಲ್ಲಿನ ಪಾನಾ ಹಾಕಲೇಬಾರದು. ಬಿದ್ದ ಗಾಯದಿಂದಲೇ ಮುಂದೆ ಬಿರುಕು ಶುರುವಾಗುತ್ತದೆ. ಅದಕ್ಕೆ ಪಟ್ಟಿ ಸುತ್ತಿ ಹಿಡಿಯುವ ಪಾನಾ ಬೇರೆಯೇ ಇದೆ.

ತುಕ್ಕಿನ ವಿಷಯಕ್ಕೆ ಬಂದರೆ ತಪ್ಪಿತಸ್ಥ ಮಳೆಯೊಂದೇ ಅಲ್ಲ. ನಮ್ಮ ಕಡೆಯ ಬೋರಿನ ನೀರು ಗಡಸು. ಒಣಗಿದ ಮೇಲೆ ಕಬ್ಬಿಣದ ಮೇಲೆ ಬಿಳಿ ಉಪ್ಪು ಉಳಿದು, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಒದ್ದೆ ಪಾನಾವನ್ನು ಗೋಣಿಯಲ್ಲಿ ಸುತ್ತಿ ಪೆಟ್ಟಿಗೆಗೆ ತಳ್ಳಿದರೆ ಮುಗಿಯಿತು, ಗೋಣಿ ತೇವವನ್ನು ದಿನಗಟ್ಟಲೆ ಹಿಡಿದಿಡುತ್ತದೆ. ಪೆಟ್ಟಿಗೆಯ ತಳಕ್ಕೆ ನಾಲ್ಕು ತೂತು ಕೊರೆದು, ಮೇಲೆ ಹಲಗೆ ಹಾಸುವುದು ಅಗ್ಗದ ಉಪಾಯ. ಇನ್ನು ಗಾಡಿಯಿಂದ ಇಳಿಸಿದ ಕಪ್ಪು ಎಂಜಿನ್ ಆಯಿಲನ್ನು ಎಲ್ಲದಕ್ಕೂ ಬಳಿಯುವುದು ವಾಡಿಕೆ. ನನಗೆ ಅದು ಸರಿಕಾಣದು. ಉರಿದ ಎಣ್ಣೆಯಲ್ಲಿ ಮಸಿಯೂ ಆಮ್ಲವೂ ಸೇರಿರುತ್ತವೆ, ದಪ್ಪಗೆ ಬಳಿದರೆ ಹೊಲದ ಮರಳೆಲ್ಲ ಅಂಟಿಕೊಂಡು ಪಾನಾದ ತಿರುಪನ್ನೇ ಉಜ್ಜುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಹೊಸ ಎಣ್ಣೆಯ ಬಟ್ಟೆ ಒಮ್ಮೆ ಆಡಿಸಿದರೆ ಸಾಕಾಗುತ್ತದೆ.

ಸುತ್ತಿಗೆಯ ಕಾವಿಗೆ ಹಳ್ಳಿಯಲ್ಲಿ ಜಾಲಿಮರವೇ ಒಳ್ಳೆಯದೆನ್ನುತ್ತಾರೆ. ತೆರೆದ ಗಾಡಿಯ ಬಿಸಿಲಿಗೆ ಅದು ಒಣಗಿ ತಲೆ ಸಡಿಲವಾದಾಗ ರಾತ್ರಿಯಿಡೀ ಬಕೆಟ್ಟಿನಲ್ಲಿ ನೆನೆಹಾಕುವುದು ರೂಢಿ. ಬೆಳಿಗ್ಗೆ ಮರ ಉಬ್ಬಿ ಗಟ್ಟಿಯಾಗಿರುತ್ತದೆ. ಮತ್ತೆ ಒಣಗಿದಾಗ ಮೊದಲಿಗಿಂತ ಸಡಿಲ. ಬೆಣೆ ಹೊಸದು ಹೊಡೆಯುವುದೇ ದಾರಿ. ಅರಗಳನ್ನು ಒಂದಕ್ಕೊಂದು ತಾಗದಂತೆ ಬಟ್ಟೆಯಲ್ಲಿ ಸುತ್ತದಿದ್ದರೆ ಗಾಡಿಯ ಕುಲುಕಾಟಕ್ಕೇ ಅವುಗಳ ಹಲ್ಲು ಹೋಗುತ್ತವೆ.

ಚೈನ್ ಬ್ಲಾಕಿನ ಮಾತು ಬೇರೆ. ಸರಪಳಿಗೆ ತೆಳುವಾಗಿ ಎಣ್ಣೆ ಬೇಕು, ಆದರೆ ಒಳಗಿನ ಬ್ರೇಕಿನ ತಟ್ಟೆ ಒಣಗಿಯೇ ಇರಬೇಕು. ಉತ್ಸಾಹದಲ್ಲಿ ಎಣ್ಣೆ ಡಬ್ಬವನ್ನೇ ಮೇಲಿಂದ ಸುರಿಯುವ ಹುಡುಗನ ಕೈ ಹಿಡಿಯದಿದ್ದರೆ, ಎತ್ತಿದ ಭಾರ ನಿಂತಲ್ಲಿ ನಿಲ್ಲುವುದಿಲ್ಲ. ಕೊಕ್ಕೆಯ ಬಾಯಿ ಅಗಲವಾಗಿದ್ದರೆ ಅದನ್ನು ಬಡಿದು ಮುಚ್ಚುವುದಲ್ಲ, ಬದಲಿಸಬೇಕು. ಮೋಟರಿನ ಜೊತೆಗೆ ಬಿಡುವ ನೈಲಾನ್ ಹಗ್ಗ ಬಿಸಿಲಿಗೆ ಸತ್ವ ಕಳೆದುಕೊಳ್ಳುವುದರಿಂದ ಅದರ ಜಾಗ ಸೀಟಿನ ಹಿಂದೆ.

ಆಯುಧಪೂಜೆಯ ದಿನ ಈ ಗಾಡಿಗಳನ್ನು ನೋಡಬೇಕು. ವರ್ಷಕ್ಕೊಮ್ಮೆ ಪೆಟ್ಟಿಗೆ ತಳದವರೆಗೆ ಬರಿದಾಗಿ, ಕಳೆದುಹೋಯಿತೆಂದು ಹುಡುಗರು ಬೈಸಿಕೊಂಡಿದ್ದ ಸ್ಕ್ರೂಡ್ರೈವರೆಲ್ಲ ಸಿಗುವುದು ಆಗಲೇ. ನೀರು ಚಿಮುಕಿಸಿ, ಕುಂಕುಮ ಇಟ್ಟು, ಬೂದುಗುಂಬಳ ಒಡೆದು, ಸಾಮಾನನ್ನು ಮರುದಿನದವರೆಗೆ ಮುಟ್ಟುವುದಿಲ್ಲ. ಭಕ್ತಿಗೆ ಅಡ್ಡಿಯಿಲ್ಲ, ವಿಜಯದಶಮಿ ಬೆಳಿಗ್ಗೆ ಮಾತ್ರ ಕುಂಕುಮದ ಸುತ್ತ ಕೆಂಪಗೆ ಇನ್ನೊಂದು ಬಣ್ಣವೂ ಎದ್ದಿರುತ್ತದೆ. ಕೆಲವು ಮೇಸ್ತ್ರಿಗಳು ಈಗ ಎಣ್ಣೆ ಒರೆಸಿದ ಮೇಲೆಯೇ ಪೂಜೆಗಿಡುತ್ತಾರೆ.

ಕೇಬಲ್ಲಿನ ಇನ್ಸುಲೇಶನ್ ನೋಡುವ ಮೆಗ್ಗರ್, ಕರೆಂಟು ಅಳೆಯುವ ಟಾಂಗ್ ಟೆಸ್ಟರು ಕಬ್ಬಿಣದ ಜೊತೆ ಸೇರುವ ಜಾತಿಯಲ್ಲ. ಟವಲಿನಲ್ಲಿ ಸುತ್ತಿಸಿಕೊಂಡು ಡ್ರೈವರನ ಪಕ್ಕದಲ್ಲೇ ಪ್ರಯಾಣ. ಹಿಡಿಯ ಪ್ಲಾಸ್ಟಿಕ್ ಬಿರಿದ ಕಟಿಂಗ್ ಪ್ಲೇಯರ್‌ಗೆ ಟೇಪು ಸುತ್ತಿ ಸ್ಟಾರ್ಟರಿಗೆ ಕೈಹಾಕುವವರು ಈಗಲೂ ಇದ್ದಾರೆ. ಅಂಥದ್ದನ್ನು ತಂತಿ ಬಗ್ಗಿಸುವ ಕೆಲಸಕ್ಕೆ ಬೇರೆ ಮಾಡಿ, ಹಿಡಿಗೆ ಬಣ್ಣ ಬಳಿದು ಗುರುತು ಮಾಡಿದರೆ ಅವಸರದಲ್ಲಿ ಕೈ ತಪ್ಪದು. ಈಚೆಗೆ ಎಚ್‌ಡಿಪಿಇ ಪೈಪು, ಗಾಡಿಗೇ ಕೂರಿಸಿದ ವಿಂಚು ಬಂದಮೇಲೆ ಹಲವೆಡೆ ಮೂರು ಕಾಲಿನ ಸ್ಟ್ಯಾಂಡು ಮನೆಯಲ್ಲೇ ಉಳಿದಿದೆ. ಕ್ಲ್ಯಾಂಪಿನ ನಟ್ಟು ಬಿಚ್ಚಲು ಬ್ಯಾಟರಿ ಮೆಷಿನ್ನುಗಳೂ ಬಂದಿವೆ. ಅವಕ್ಕೂ ಬಿಸಿಲು ಆಗದು, ಹಾಗಾಗಿ ಕ್ಯಾಬಿನ್ನಿನಲ್ಲಿ ಹುಡುಗರಿಗೆ ಇದ್ದ ಅರ್ಧ ಸೀಟೂ ಹೋಯಿತು.