ಸುಣ್ಣದಲ್ಲಿ ಅಡಗಿದ ಶಾಖದ ಲೆಕ್ಕ

ಫಳ್ನೀರ್ ಸೇರಿದಂತೆ ಮಂಗಳೂರಿನ ಹಳೆಯ ಬಡಾವಣೆಗಳಲ್ಲಿ, ಸಿಮೆಂಟ್ ಬಳಕೆಗೆ ಬರುವ ಮುನ್ನ, ಮನೆಯ ಗೋಡೆಗಳಿಗೆ ಸುಣ್ಣದ ಗಾರೆಯೇ ಆಧಾರ. ರಸಾಯನಶಾಸ್ತ್ರ ವಿದ್ಯಾರ್ಥಿಗಳು ಕಲಿಯುವ ಮಿಶ್ರಣ ಹಾಗೂ ಕ್ರಿಯಾಶಾಖದ ಪಾಠಗಳೆರಡಕ್ಕೂ ಈ ಗಾರೆ ಉತ್ತಮ ನಿದರ್ಶನ.

ಕರಾವಳಿಯ ಚಿಪ್ಪುಗಳಲ್ಲಿರುವುದು ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದು ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಟ್ಟು ಸುಟ್ಟ ಸುಣ್ಣವಾಗುತ್ತದೆ. ಇದು ಅಂತರುಷ್ಣಕ ಕ್ರಿಯೆ. ಒಂದು ಮೋಲ್, ಅಂದರೆ 100 ಗ್ರಾಂ ಕಾರ್ಬೊನೇಟ್ ಹೀರುವ ಶಾಖ ಸುಮಾರು 178 ಕಿಲೋಜೂಲ್.

ಸುಟ್ಟ ಸುಣ್ಣಕ್ಕೆ ನೀರು ಸೇರಿದಾಗ ಅದರಲ್ಲಿ 65 ಕಿಲೋಜೂಲ್ ಒಮ್ಮೆಗೇ ಹೊರಬರುತ್ತದೆ. ಇದು ಬಹಿರುಷ್ಣಕ ಕ್ರಿಯೆ. ಹೀಗೆ ಅರಳಿದ ಸುಣ್ಣಕ್ಕೆ ಮರಳು ಕಲಸಿದರೆ ಆಗುವುದು ಕೇವಲ ಮಿಶ್ರಣ; ಎರಡೂ ತಮ್ಮ ಗುಣಗಳನ್ನು ಉಳಿಸಿಕೊಳ್ಳುತ್ತವೆ. ಗೋಡೆಗೆ ಮೆತ್ತಿದ ನಂತರ ಸುಣ್ಣವು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರಿ ಪುನಃ ಕಾರ್ಬೊನೇಟ್ ಆಗುತ್ತದೆ. ಉಳಿದ 113 ಕಿಲೋಜೂಲ್ ಆಗ ನಿಧಾನವಾಗಿ ಹೊರಬೀಳುತ್ತದೆ. ಗೂಡು ಕೊಟ್ಟ ಶಾಖ ಎರಡು ಕಂತುಗಳಲ್ಲಿ ಪೂರ್ತಿ ಮರಳಿತು. ಶಕ್ತಿ ನಾಶವಾಗದು ಎಂಬುದರ ಅರ್ಥವಿದು.

ಮೊದಲ ಕಂತು ಅಪಾಯಕಾರಿ. ಸುಟ್ಟ ಸುಣ್ಣದ ಮೇಲೆ ನೀರು ಸುರಿದರೆ ಅದು ಕುದಿದು ಸಿಡಿಯಬಹುದು. ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋದೀತು. ಹಾಗೇನಾದರೂ ಆದಲ್ಲಿ ತಕ್ಷಣ ಧಾರಾಳವಾಗಿ ಶುದ್ಧ ನೀರಿನಿಂದ ಕಣ್ಣು ತೊಳೆದು ವೈದ್ಯರನ್ನು ಕಾಣಬೇಕು.