ಗಾಳಿಮಳೆಯ ರಾತ್ರಿ ಯಾವ ಸ್ಟೇಷನ್ ಹಾಕುವುದು?

2021ರ ಮೇ 14, ಶುಕ್ರವಾರ. ಅಂಗಳದಲ್ಲಿ ಒಣಗಲು ಹಾಕಿದ್ದ ಅಡಿಕೆಯನ್ನು ಮಧ್ಯಾಹ್ನವೇ ಒಟ್ಟುಮಾಡಿ ಟರ್ಪಾಲು ಹೊದೆಸಿದ್ದೆವು. ಮುಸ್ಸಂಜೆಗೆ ಕರೆಂಟು ಹೋಯಿತು. ಕೇರಳ, ಕರ್ನಾಟಕ ಎರಡೂ ಕಡೆ ಲಾಕ್‌ಡೌನ್ ಇದ್ದ ದಿನಗಳು. ಪೇಟೆಗೆ ಹೋಗಿ ನಾಲ್ಕು ಜನರ ಹತ್ತಿರ ವಿಷಯ ತಿಳಿಯುವ ಹಾಗೂ ಇಲ್ಲ. ಮೊಬೈಲಿನ ಚಾರ್ಜು ಮುಗಿಯುತ್ತ ಬಂದಿತ್ತು. ಅಟ್ಟದಲ್ಲಿದ್ದ ಹಳೇ ಟ್ರಾನ್ಸಿಸ್ಟರ್ ಇಳಿಸಿ, ಟಾರ್ಚಿನ ಸೆಲ್ಲು ತೆಗೆದು ಅದಕ್ಕೆ ಹಾಕಿದೆ. ಶಬ್ದ ಕೇಳಿ ನೆರೆಮನೆಯ ಹಿರಿಯರು ಕೊಡೆ ಹಿಡ್ಕೊಂಡು ಬಂದು ಜಗಲಿಯಲ್ಲಿ ಕೂತರು.

"ಎಂತ ಹೇಳ್ತಾರೆ ಮಾರಾಯ್ರೆ? ತೌಕ್ತೆ ನಮ್ಮಲ್ಲಿಗೆ ಬರ್ತದಾ, ಇಲ್ಲವಾ?"

ಮುಳ್ಳನ್ನು 100.3ಕ್ಕೆ ತಂದರೆ ಮಂಗಳೂರು ಆಕಾಶವಾಣಿ. ಸ್ವಲ್ಪ ಮುಂದಕ್ಕೆ ತಿರುಗಿಸಿ, ಏರಿಯಲ್ ಎಳೆದು ಕಿಟಕಿಯ ಸರಳಿಗೆ ತಾಗಿಸಿದರೆ 101.5ರಲ್ಲಿ ಗರಗರ ಸದ್ದಿನ ಜೊತೆ ಕಣ್ಣೂರು. ಒಂದರಲ್ಲಿ ಕನ್ನಡ, ಇನ್ನೊಂದರಲ್ಲಿ ಮಲಯಾಳ. ಕಾಸರಗೋಡಿನ ಉತ್ತರ ಭಾಗದ ನಮಗೆ ಎರಡೂ ಅರ್ಥವಾಗ್ತದೆ. ಆದರೆ ಕಿವಿ ತಾನಾಗಿ ಹೋಗುವುದು ಕನ್ನಡಕ್ಕೆ. ನಮ್ಮ ತೊಂದರೆ ಶುರುವಾಗುವುದೂ ಅಲ್ಲಿಂದಲೇ.

ಬಿರುಗಾಳಿಯ ದಿನ ರೇಡಿಯೋದವರು ತಮಗೆ ತೋಚಿದ್ದನ್ನು ಹೇಳುವ ಹಾಗಿಲ್ಲ. ಹವಾಮಾನ ಇಲಾಖೆಯ ಎಚ್ಚರಿಕೆಗೆ ನಾಲ್ಕು ಹಂತಗಳುಂಟು. ಮೊದಲನೆಯದು 72 ಗಂಟೆ ಮೊದಲೇ ಹೊರಡುವ ಮುನ್ಸೂಚನೆ. ಗಾಳಿಮಳೆ ಶುರುವಾಗಲು 48 ಗಂಟೆ ಇರುವಾಗ ಜಾಗೃತಿ ಸಂದೇಶ, 24 ಗಂಟೆ ಇರುವಾಗ ಎಚ್ಚರಿಕೆ. ಕೊನೆಯದು ಚಂಡಮಾರುತ ದಡ ಮುಟ್ಟಲು 12 ಗಂಟೆ ಇರುವಾಗ ಬರುವಂಥದ್ದು. ಅದರಲ್ಲಿ ಒಳನಾಡಿಗೆ ನುಗ್ಗಿದ ಮೇಲೆ ಎಲ್ಲಿ ಏನಾದೀತು ಅಂತಲೂ ಇರ್ತದೆ. ಕರಾವಳಿಯ ಆಕಾಶವಾಣಿ ಕೇಂದ್ರಗಳಿಗೆ ಬುಲೆಟಿನ್ ಹೋಗ್ತದೆ. ಮೊದಲಿಗೆ ಮಾಮೂಲು ಕಾರ್ಯಕ್ರಮಗಳ ನಡುವೆ ಓದ್ತಾರೆ. ಎಚ್ಚರಿಕೆಯ ಹಂತ ಬಂತೆಂದರೆ ಗಂಟೆಗೊಮ್ಮೆ, ಅರ್ಧ ಗಂಟೆಗೊಮ್ಮೆ ಓದಬೇಕು. ಬೇಕಾದರೆ ರಾತ್ರಿ ಪ್ರಸಾರ ಮುಗಿಸದೆ ಸ್ಟೇಷನ್ ತೆರೆದೇ ಇಡಬೇಕು. ಅದೇ ವಾಕ್ಯ ಮತ್ತೆ ಮತ್ತೆ ಕೇಳಿ ನಮಗೆ ಬೇಜಾರಾಗಬಹುದು. ಆದರೆ ಆಗಷ್ಟೇ ರೇಡಿಯೋ ಹಾಕಿದವನಿಗೆ ಅದೇ ಮೊದಲ ಸುದ್ದಿ. ಅಂದು ವಾಟ್ಸಾಪಿನಲ್ಲಿ ಬೇರೆ ವರ್ಷದ, ಬೇರೆ ದೇಶದ ವಿಡಿಯೋಗಳೆಲ್ಲ 'ಈಗಷ್ಟೇ ಬಂದದ್ದು' ಅಂತ ಓಡಾಡುತ್ತಿದ್ದವು. ಹೊತ್ತು ಹೇಳಿ ಓದಿದ ಆ ಒಣ ಬುಲೆಟಿನ್ನಿನ ಬೆಲೆ ನನಗೆ ತಿಳಿದದ್ದು ಆವಾಗ.

ಖಾಸಗಿ ಎಫ್‌ಎಂಗಳಿಗೆ ಸ್ವಂತ ಸುದ್ದಿ ಓದುವ ಅನುಮತಿ ಇಲ್ಲ. ಹಾಗಾಗಿ ಮಳೆಯ ದಿನ ಅವರು ಬರೀ ಸಿನಿಮಾ ಹಾಡು ಹಾಕಬೇಕಷ್ಟೆ ಅಂತ ತುಂಬಾ ಜನ ತಿಳಿದಿದ್ದಾರೆ. ಅದು ಸರಿಯಲ್ಲ. ಹವಾಮಾನ, ರಸ್ತೆ ಸಂಚಾರ, ಪ್ರಕೃತಿ ವಿಕೋಪದ ಮಾಹಿತಿಯನ್ನು 2011ರ ನಿಯಮಗಳು ಸುದ್ದಿಯ ಲೆಕ್ಕಕ್ಕೆ ಸೇರಿಸುವುದಿಲ್ಲ. ಯಾವ ರಸ್ತೆಯಲ್ಲಿ ಮರ ಬಿದ್ದಿದೆ ಅಂತ ಹೇಳಲು ಯಾರಿಗೂ ಅಡ್ಡಿಯಿಲ್ಲ, ಹೇಳುವ ಮನಸ್ಸು ಬೇಕು.

ಈಗ ನಮ್ಮ ತೊಂದರೆಗೆ ಬರುತ್ತೇನೆ. ಕಡಲಿನ ಮೇಲೆ ಎಚ್ಚರಿಕೆ ಒಂದೇ. 2017ರ ನವೆಂಬರ್ ಕೊನೆಗೆ ಓಖಿ ಬಂದಾಗ ಎಷ್ಟೋ ಮೀನುಗಾರರು ಸುದ್ದಿ ಸಿಗದೆ ಆಳಸಮುದ್ರದಲ್ಲಿ ಸಿಕ್ಕಿಬಿದ್ದರು. ಮರುವರ್ಷ ತಿರುವನಂತಪುರದಲ್ಲಿ ಚಂಡಮಾರುತ ಎಚ್ಚರಿಕೆ ಕೇಂದ್ರವಾಯಿತು. ಕೇರಳ, ಕರ್ನಾಟಕ ಎರಡು ಕರಾವಳಿಗೂ ಅದೇ. ಆದರೆ ದಡಕ್ಕೆ ಬಂದ ಕೂಡಲೇ ಎಚ್ಚರಿಕೆ ಜಿಲ್ಲೆವಾರು ಹಂಚಿಹೋಗ್ತದೆ. ಕನ್ನಡದಲ್ಲಿ ಕೇಳಿಸುವುದು ದಕ್ಷಿಣ ಕನ್ನಡದ್ದು, ಉಡುಪಿಯದ್ದು. ಕಾಸರಗೋಡಿನದ್ದು ಮಲಯಾಳದಲ್ಲಿ. ಮಂಜೇಶ್ವರದ ಮನೆಯಲ್ಲಿ ಕೂತು ಮಂಗಳೂರಿನ ಆರೆಂಜ್ ಅಲರ್ಟ್ ಕೇಳಿದವನು ತನ್ನ ಜಿಲ್ಲೆಗೆ ರೆಡ್ ಕೊಟ್ಟದ್ದನ್ನು ತಿಳಿಯದೆಯೇ ಮಲಗಬಹುದು. ಬಣ್ಣದ ವ್ಯತ್ಯಾಸ ಸಣ್ಣದಲ್ಲ: 24 ಗಂಟೆಯಲ್ಲಿ 115.6 ಮಿಲಿಮೀಟರ್‌ನಿಂದ 204.4ರವರೆಗೆ ಆರೆಂಜ್, ಅದಕ್ಕೂ ಮೇಲೆ ರೆಡ್.

ನಮ್ಮ ಮನೆಯಲ್ಲೇ ನಡೆದದ್ದು ಹೇಳಬೇಕು. ಇನ್ನೊಂದು ಮಳೆಗಾಲದಲ್ಲಿ 'ಜಿಲ್ಲೆಯ ಎಲ್ಲ ಶಾಲೆಗಳಿಗೆ ರಜೆ' ಅಂತ ಗಡಿಯಾಚೆಯ ಸ್ಟೇಷನ್ನಿನಲ್ಲಿ ಕೇಳಿ ಮಕ್ಕಳು ಕುಣಿದರು. ಹತ್ತು ಗಂಟೆಗೆ ಶಾಲೆಯಿಂದ ಫೋನ್. ರಜೆ ಕೊಟ್ಟದ್ದು ಅಲ್ಲಿಯ ಡೀಸಿ, ನಮ್ಮ ಕಲೆಕ್ಟರ್ ಅಲ್ಲ! ಓದಿದವರದ್ದು ತಪ್ಪಿಲ್ಲ, ಜಿಲ್ಲೆಯ ಹೆಸರು ಹೇಳಿಯೇ ಓದಿದ್ದರು. 'ನಮ್ಮ ಜಿಲ್ಲೆ' ಅಂತ ಕೇಳಿಸಿಕೊಂಡದ್ದು ನಮ್ಮ ಕಿವಿ. ರಜೆಯ ವಿಷಯದಲ್ಲಾದರೆ ನಗಬಹುದು.

1077 ಅನ್ನುವ ಸಹಾಯವಾಣಿಯೂ ಹಾಗೆಯೇ. ಎರಡೂ ಕಡೆ ಅದೇ ನಂಬರು, ಕಂಟ್ರೋಲ್ ರೂಮು ಬೇರೆ ಬೇರೆ. ಮೊಬೈಲಿನಿಂದ ಮಾಡುವವರು ಕಾಸರಗೋಡಿಗೆ 04994, ಮಂಗಳೂರಿಗೆ 0824 ಮೊದಲು ಒತ್ತಬೇಕು. ಕೋಡ್ ಸಮೇತ ಹೇಳಿದರೆ ಎರಡು ಸೆಕೆಂಡ್ ಹೆಚ್ಚು ಹಿಡಿದೀತು, ಅಷ್ಟೆ.

ಹಾಗಂತ ಮಂಗಳೂರು ಬಿಟ್ಟು ಕಣ್ಣೂರನ್ನೇ ಕೇಳಿ ಅಂದರೂ ಆಗಲಿಕ್ಕಿಲ್ಲ. ಪಯಸ್ವಿನಿ ಹುಟ್ಟುವುದು ಕೊಡಗಿನ ಕಾಡಿನಲ್ಲಿ. ಸುಳ್ಯ, ಜಾಲ್ಸೂರು ದಾಟಿ ನಮ್ಮ ಕಡೆಗೆ ಬಂದು ಚಂದ್ರಗಿರಿಯನ್ನು ಸೇರ್ತದೆ. ಚಂದ್ರಗಿರಿಯ ದಂಡೆಯಲ್ಲಿ ತೋಟ ಇರುವವರಿಗೆ ಸುಳ್ಯದಲ್ಲಿ ಎಷ್ಟು ಮಳೆ ಬಂತು ಅನ್ನುವುದೇ ಮುಖ್ಯ. ಪಂಪುಸೆಟ್ಟನ್ನು ಮೇಲೆ ಎತ್ತಿಡಬೇಕಾ ಬೇಡವಾ ಅಂತ ತೀರ್ಮಾನವಾಗುವುದು ಅದರಿಂದ. ಆ ಸುದ್ದಿ ಬರುವುದು ಮಂಗಳೂರಿನಿಂದ.

ತೌಕ್ತೆಯ ರಾತ್ರಿ ಇನ್ನೊಂದು ಪಾಠವೂ ಆಯಿತು. ಬುಲೆಟಿನ್ನಿನಲ್ಲಿ 'ಗುಜರಾತ್ ಕಡೆಗೆ' ಅಂತ ಕೇಳಿದ ಕೂಡಲೇ ಹಿರಿಯರು "ಹಾಗಾದರೆ ನಮಗೆ ತೊಂದರೆಯಿಲ್ಲ" ಅಂತ ಎದ್ದುಹೋದರು. ಚಂಡಮಾರುತ ದಡ ಮುಟ್ಟಿದ್ದು ಮೇ 17ರ ರಾತ್ರಿ ಗುಜರಾತಿನಲ್ಲೇ, ನಿಜ. ಆದರೆ ಅದು ಕರಾವಳಿಯ ಉದ್ದಕ್ಕೂ ಉತ್ತರಕ್ಕೆ ಹೋಗುವಾಗಲೇ ಉಪ್ಪಳದ ಮುಸೋಡಿಯಲ್ಲಿ ಕಡಲು ದಡವನ್ನು ಕೊರೆದು ಮನೆ ಉರುಳಿಸಿತು. ಮೂಲ್ಕಿಯ ಹತ್ತಿರ ಬಂಡೆಗೆ ಸಿಕ್ಕಿಕೊಂಡ ಟಗ್‌ನಲ್ಲಿದ್ದ 9 ಮಂದಿಯನ್ನು ಕಾಪಾಡಲು ಮೇ 17ರವರೆಗೆ ಕಾಯಬೇಕಾಯಿತು. ಗಾಳಿಯ ಕಣ್ಣು ಎಲ್ಲಿದೆ ಅನ್ನುವುದನ್ನೇ ಹೇಳುತ್ತಾ ಹೋದರೆ ಅದರ ಬಾಲದಡಿಯಲ್ಲಿ ಇದ್ದವನಿಗೆ ಉಪಯೋಗವಿಲ್ಲ. ಅಂದ ಹಾಗೆ, ತೌಕ್ತೆ ಅಂದರೆ ಗಟ್ಟಿಯಾಗಿ ಲೊಚಗುಟ್ಟುವ ಒಂದು ಜಾತಿಯ ಹಲ್ಲಿ. ಹೆಸರು ಕೊಟ್ಟದ್ದು ಮ್ಯಾನ್ಮಾರ್.

ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಂತೆ ಕನ್ನಡ ಅಲ್ಪಸಂಖ್ಯಾತರು ಸರಕಾರಕ್ಕೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಸಿಗಬೇಕು. ಕಾಗದಪತ್ರಕ್ಕೆ ಅದು ಸರಿ. ಗಾಳಿ ಉತ್ತರಕ್ಕೆ ಕಾಯುವುದಿಲ್ಲವಲ್ಲ. ವಯನಾಡಿನಲ್ಲಿ 2009ರಲ್ಲಿ ಶುರುವಾದ ಸಮುದಾಯ ಬಾನುಲಿ ರೇಡಿಯೋ ಮಾಟ್ಟೊಲಿ ಆದಿವಾಸಿ ಭಾಷೆಗಳಲ್ಲೂ ಕಾರ್ಯಕ್ರಮ ಕೊಟ್ಟಿದೆ. ಅಂಥದ್ದೊಂದು ಸಣ್ಣ ಸ್ಟೇಷನ್ ಕುಂಬಳೆ, ಬದಿಯಡ್ಕದ ಕಡೆಗೂ ಇದ್ದು, ಕಾಸರಗೋಡಿನ ಎಚ್ಚರಿಕೆಯನ್ನು ಕನ್ನಡ, ತುಳುವಿನಲ್ಲಿ ಓದಿದರೆ ಸಾಕಿತ್ತು. ಅದಾಗುವವರೆಗೆ ಮಂಗಳೂರಿನ ಬುಲೆಟಿನ್ನಿನ ಕೊನೆಗೆ 'ಕಾಸರಗೋಡು ಜಿಲ್ಲೆಗೆ ಇಂಥ ಬಣ್ಣ' ಅಂತ ಒಂದು ಸಾಲು ಸೇರಿಸುವುದು ದೊಡ್ಡ ಕೆಲಸ ಅಂತ ನನಗೆ ಅನಿಸುವುದಿಲ್ಲ.

ಮೊಬೈಲು ಉಂಟಲ್ಲ ಅಂತ ಕೇಳುವವರಿದ್ದಾರೆ. 2023ರಲ್ಲಿ ಫೋನುಗಳಿಗೇ ಜೋರಾಗಿ ಸದ್ದು ಮಾಡುವ ಎಚ್ಚರಿಕೆ ಕಳಿಸಿ ಪರೀಕ್ಷೆ ಮಾಡಿದರು. ಅದೂ ಟವರ್ ಲೆಕ್ಕದಲ್ಲಿ ಬರುವಂಥದ್ದು. ಗಡಿಯಲ್ಲಿ ಫೋನು ಯಾವ ಟವರಿಗೆ ಅಂಟಿಕೊಂಡಿದೆಯೋ ಅಲ್ಲಿಯ ಸಂದೇಶ. ಟವರಿನ ಬ್ಯಾಟರಿ ಮುಗಿದರೆ ಅದೂ ಇಲ್ಲ. ಅದೇ ವರ್ಷ ಕೇಂದ್ರ ಸರಕಾರ, ಫೋನಿನಲ್ಲಿರುವ ಎಫ್‌ಎಂ ರೇಡಿಯೋವನ್ನು ಮುಚ್ಚಿಡಬೇಡಿ ಅಂತ ಕಂಪೆನಿಗಳಿಗೆ ಹೇಳಿದ್ದಕ್ಕೆ ಕೊಟ್ಟ ಕಾರಣಗಳಲ್ಲಿ ವಿಪತ್ತಿನ ಸಮಯವೂ ಒಂದು.

ನೆರೆಮನೆಯ ಹಿರಿಯರು ಈಗ ಜಗಲಿಯ ಗೋಡೆಯಲ್ಲಿ ಒಂದು ರಟ್ಟು ನೇತುಹಾಕಿದ್ದಾರೆ. ಮೇಲೆ 100.3, ಅದರಡಿ 101.5, ಕೆಳಗೆ ದಪ್ಪಕ್ಷರದಲ್ಲಿ 04994-1077. ಬೋರ್ಡೋ ಸಿಂಪಡಿಸುವ ದಿನ ಬೆಳಿಗ್ಗೆಯೂ ಎರಡು ಸ್ಟೇಷನ್ ಕೇಳಿಯೇ ಆಳುಗಳಿಗೆ ಫೋನ್ ಮಾಡುವುದು. ಸೆಲ್ಲು ಮಾತ್ರ ಇವತ್ತಿಗೂ ನಮ್ಮ ಮನೆಯಿಂದಲೇ ಒಯ್ತಾರೆ.